ಶೀಟಿನ ಮಾಡಿನಡಿ ತಾಳಮದ್ದಲೆ

ಮನೆಯ ಮಾಡಿಗೆ ಹೊದಿಸುವ ತಗಡಿನ ಶೀಟು ಕೊಳ್ಳಲು ಹೋದವರು ಅದನ್ನು ಪರೀಕ್ಷಿಸುವ ಒಂದು ಕ್ರಮ ನಮ್ಮ ಕಡೆ ಉಂಟು. ಮೊದಲು ಬೀಗದ ಕೈಯಿಂದ ಒಂದು ಮೂಲೆಯಲ್ಲಿ ಗೀರಿ ಬಣ್ಣ ಏಳುತ್ತದೋ ಎಂದು ನೋಡುವುದು. ಆಮೇಲೆ ಅಂಗಡಿಯವನು ಬೇಡ ಬೇಡವೆಂದರೂ ಚಪ್ಪಲಿ ಕಳಚಿ ಅದರ ಮೇಲೆ ಹತ್ತಿ ನಿಲ್ಲುವುದು. ಕೊನೆಗೆ ಇಳಿದು, ಬೆರಳಿನ ಗೆಣ್ಣಿನಿಂದ ತೆಂಗಿನಕಾಯಿಗೆ ತಟ್ಟಿದ ಹಾಗೆ ತಟ್ಟುವುದು. ಉಡುಪಿಯ ಅಂಗಡಿಯಲ್ಲಿ ನಾನು ಇಷ್ಟನ್ನೂ ಸಾಂಗವಾಗಿ ಮಾಡಿದೆ. ತಟ್ಟಿದಾಗ ಶೀಟು ‘ಢಣ್’ ಎಂದಿತು. ಗಟ್ಟಿ ಮಾಲು ಎಂದು ತಲೆದೂಗಿದೆ. ಬೆರಳಿನ ಗೆಣ್ಣಿಗೇ ಇಷ್ಟು ಮಾತಾಡುವ ವಸ್ತು ಆಟಿ ತಿಂಗಳ ಜಡಿಮಳೆಗೆ ಎಷ್ಟು ಮಾತಾಡೀತು ಎಂಬ ಯೋಚನೆ ಮಾತ್ರ ಬರಲಿಲ್ಲ. ಮಾತಿನ ವಿಷಯದಲ್ಲಿ ನನಗೆ ಪ್ರತಿಸ್ಪರ್ಧಿ ಇರಬಹುದೆಂದು ನಾನು ಎಂದೂ ಭಾವಿಸಿದವನಲ್ಲ.

ನಮ್ಮ ಮನೆ ಇರುವುದು ಅಲೆವೂರಿನಲ್ಲಿ. ಕಾಂಕ್ರೀಟಿನ ತಾರಸಿ. ಕಟ್ಟಿಸುವಾಗ ಹೆಂಡತಿ ಹೆಂಚಿನ ಮಾಡು ಸಾಕು ಎಂದಿದ್ದಳು. ಹೆಂಚು ಎಂದರೆ ವರ್ಷ ವರ್ಷ ಮೇಲೆ ಹತ್ತಿ ಪಾಚಿ ತೆಗೆಯಬೇಕು, ಒಡೆದದ್ದನ್ನು ಬದಲಿಸಬೇಕು, ಕಾಂಕ್ರೀಟು ಹಾಕಿದರೆ ಜನ್ಮಕ್ಕೊಂದು ಸಲ ಎಂದು ಅವಳಿಗೆ ಉಪನ್ಯಾಸ ಕೊಟ್ಟವನು ನಾನೇ. ಆ ಜನ್ಮ ಕೆಲವೇ ವರ್ಷಗಳಲ್ಲಿ ಮುಗಿಯಿತು. ಒಳಕೋಣೆಯ ಮೂಲೆಯಲ್ಲಿ ಸೋರಲು ಶುರುವಾಯಿತು. ಡಾಂಬರು ಹಾಕಿಸಿದೆ, ಬಿಳಿ ಪೈಂಟು ಹೊಡೆಸಿದೆ, ಯಾರೋ ಹೇಳಿದರೆಂದು ಸುಣ್ಣಕ್ಕೆ ಬೆಲ್ಲ ಕಲಸಿ ಹಚ್ಚಿದೆ. ಬೆಲ್ಲಕ್ಕೆ ಇರುವೆ ಬಂತು, ಸೋರುವುದು ನಿಲ್ಲಲಿಲ್ಲ. ಹೆಂಡತಿ ಮೂಲೆಯಲ್ಲಿ ಒಂದು ನೀಲಿ ಬಕೆಟ್ ಇಟ್ಟಳು. ಮಳೆಗಾಲ ಪೂರ್ತಿ ಆ ಬಕೆಟ್ ನನ್ನ ಉಪನ್ಯಾಸಕ್ಕೆ ಟಕ್ ಟಕ್ ಎಂದು ಉತ್ತರ ಕೊಡುತ್ತಿತ್ತು.

ನಮ್ಮಲ್ಲಿ ಇಂಥ ಮನೆಗಳಿಗೆಲ್ಲ ಕೊನೆಯ ಮದ್ದು ಒಂದೇ. ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಅದರ ಮೇಲೆ ಶೀಟಿನ ಮಾಡು ಹೊದಿಸುವುದು. ಅಂದರೆ ಮನೆಗೇ ಕೊಡೆ ಹಿಡಿಯುವುದು. ಅಲೆವೂರಿನಿಂದ ಮಣಿಪಾಲದವರೆಗೆ ನೋಡಿ, ಪ್ರತಿ ಮನೆಯ ನೆತ್ತಿಯ ಮೇಲೆ ಒಂದು ಕೆಂಪೋ ನೀಲಿಯೋ ಕೊಡೆ. ಆದರೆ ನಾನು ಬರೇ ಬಕೆಟಿಗೆ ಸೋತು ಶೀಟು ಹಾಕಿಸಿದ್ದಲ್ಲ. ಹಾಕಿಸಿದ್ದು ತಾಳಮದ್ದಲೆಗೆ ಮತ್ತು ನನ್ನ ಮಾವನ ಸ್ವರಕ್ಕೆ.

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿಟ್ಟ ಮೇಲೆ ನಮ್ಮ ಊರುಗಳಲ್ಲಿ ತಾಳಮದ್ದಲೆಯ ಕಾಲ. ಬಣ್ಣ ಇಲ್ಲ, ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ಪಂಚೆ ಶಾಲಿನ ನಾಲ್ಕು ಜನ ಚಾಪೆಯ ಮೇಲೆ ಕುಳಿತು ಅದಕ್ಕೆ ಅರ್ಥ ಹೇಳುತ್ತಾರೆ. ಒಬ್ಬ ರಾಜ, ಒಬ್ಬ ದೂತ. ಬಾಯಿಪಾಠವಿಲ್ಲ, ಎದುರಿನವನು ಎಂತ ಹೇಳುತ್ತಾನೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಮಾತೇ ಕಿರೀಟ, ಮಾತೇ ಕತ್ತಿ. ನಮ್ಮದೊಂದು ಚಿಕ್ಕ ಭಾನುವಾರದ ಕೂಟ. ಕಾಪುವಿನ ಪೇಟೆಯಲ್ಲಿ ಹಳೆಯ ಹೆಂಚಿನ ಅಂಗಡಿಯೊಂದರ ಮಹಡಿಯಲ್ಲಿ ನಡೆಯುತ್ತಿತ್ತು. ಆ ಕಟ್ಟಡ ಕೆಡವಿ ಅಲ್ಲಿ ದೊಡ್ಡ ಕಾಂಪ್ಲೆಕ್ಸ್ ಏಳಿಸುವುದೆಂದಾಯಿತು. ಕೂಟಕ್ಕೆ ತಲೆಯ ಮೇಲೆ ಮಾಡಿಲ್ಲದಾಯಿತು.

ಅದೇ ಹೊತ್ತಿಗೆ ಮಾವನ ಗಂಟಲು ಕೆಟ್ಟಿತು. ಮಾವ ಎಂದರೆ ಅಮ್ಮನ ಅಣ್ಣ, ಕಾರ್ಕಳದವರು. ನಾನು ಮಾತು ಕಲಿತದ್ದೇ ಅವರ ಬಾಯಿಂದ. ಅವರು ಅರ್ಥ ಹೇಳಿದರೆ ಮಹಡಿಯ ಕೆಳಗೆ ಮೀನು ಕೊಳ್ಳುವವರು ಚೌಕಾಸಿ ನಿಲ್ಲಿಸಿ ಕೇಳುತ್ತಿದ್ದರು. ಮಣಿಪಾಲದ ಆಸ್ಪತ್ರೆಯಲ್ಲಿ ಗಂಟಲಿಗೆ ಆಪರೇಷನ್ ಆಯಿತು. ಗುಣವೂ ಆಯಿತು. ಆದರೆ ಸ್ವರ ಚಿಕ್ಕದಾಗಿ ಬಂತು, ಒಂದು ಕೋಣೆಯ ಅಗಲಕ್ಕೆ ಸಾಕಾಗುವಷ್ಟು. ಮಾವನಿಗೆ ಅದು ಅವಮಾನವೆನಿಸಿತು. ಬಾಯಿ ಮುಚ್ಚಿಬಿಟ್ಟರು.

“ಭಾವ, ಅಪ್ಪ ಊಟಕ್ಕೂ ಕೈಸನ್ನೆ, ಬೈಲಿಕ್ಕೂ ಕೈಸನ್ನೆ,” ಎಂದು ಮಾವನ ಮಗಳು ಫೋನು ಮಾಡಿದಳು. “ಡಾಕ್ಟ್ರು ಮಾತಾಡದಿದ್ರೆ ಇದ್ದ ಸ್ವರವೂ ಹೋಗ್ತದೆ ಅಂದಿದ್ದಾರೆ. ಇವರು ಕೇಳ್ಬೇಕಲ್ಲ! ಕೂಟ ಶುರುವಾದ್ರೆ ಏನಾದ್ರೂ ಬಾಯಿ ಬಿಟ್ಟಾರು ಅಂತ ನನಗೊಂದು ಆಸೆ.”

“ನನ್ನ ತಾರಸಿಗೆ ಮಾಡು ಹಾಕಿಸ್ತೇನೆ,” ಎಂದೆ. “ಮಳೆಗಾಲದಲ್ಲಿ ಅಲ್ಲೇ ಕೂಟ. ಮಾವ ಅಲ್ಲೇ ಮಾತಾಡ್ತಾರೆ, ನೋಡು.”

ಹೀಗೆ ಹೇಳುವಾಗ ನನ್ನ ಸ್ವರ ಎಷ್ಟು ಗಂಭೀರವಾಗಿತ್ತೆಂದರೆ, ನನಗೇ ಕಣ್ಣು ತುಂಬಿ ಬಂತು.

ಮಾಡು ಆರಿಸುವ ಕೆಲಸವನ್ನು ಹೆಣ್ಣು ನೋಡಲು ಹೋಗುವವರ ಉತ್ಸಾಹದಲ್ಲಿ ಮಾಡಿದೆ. ಕಾರ್ಕಳದಲ್ಲಿ ಮಾವನ ಮನೆಯ ಹೆಂಚಿನ ಮಾಡನ್ನು ಅಂಗಳದಿಂದ ನೋಡಿ, ಮಂಗಗಳು ಜಾರಿಸಿದ ಹೆಂಚುಗಳನ್ನು ಬೊಟ್ಟು ಮಾಡಿ, ಇದು ಆಗದ ಮಾತು ಎಂದೆ. ಮಾವ ಆಕಾಶ ತೋರಿಸಿ, ಕಿವಿ ತೋರಿಸಿ, ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. ಮಳೆ ಬಂದರೆ ಒಳಗೆ ಹಿತವಾಗಿರುತ್ತದೆ ಎಂದು ಹೇಳುತ್ತಿದ್ದಾರೆಂದು ಎಣಿಸಿದೆ. ಅವರು ಹೇಳುತ್ತಿದ್ದುದು ಅದೇ. ಅದರ ತಾತ್ಪರ್ಯ ಮಾತ್ರ ನನಗೆ ಹೊಳೆಯಲಿಲ್ಲ. ಸನ್ನೆಗೆ ಅರ್ಥ ಹೇಳುವ ಅಭ್ಯಾಸ ನನಗಿಲ್ಲ, ಪದಕ್ಕೆ ಮಾತ್ರ.

ಕಾಪುವಿನಲ್ಲಿ ಕಡಲ ಗಾಳಿಗೆ ಶೀಟಿನ ತಿರುಪುಗಳು ತುಕ್ಕು ಹಿಡಿದು ಗೋಡೆಯ ಮೇಲೆ ಕೆಂಪು ಕಣ್ಣೀರು ಸುರಿಸಿದ್ದನ್ನು ಕಂಡೆ. ತುಕ್ಕು ಹಿಡಿಯದ ತಿರುಪು, ಅದರಡಿಗೆ ದಪ್ಪ ರಬ್ಬರಿನ ಬಿಲ್ಲೆ ಎಂದು ನಿಶ್ಚಯಿಸಿದೆ. ಮಣಿಪಾಲದಲ್ಲಿ ವಿದ್ಯಾರ್ಥಿಗಳು ತುಂಬಿದ ಒಂದು ಹೋಟೆಲಿನ ಮೇಲ್ಮಹಡಿಗೆ ಹೊಸ ನಮೂನೆಯ ಮಾಡು ಹಾಕಿದ್ದರು. ಎರಡು ಶೀಟುಗಳ ನಡುವೆ ಮೆತ್ತನೆಯ ಬೆಂಡಿನಂಥದ್ದು ತುಂಬಿದ ಹಲಗೆ. ಅಂಥದೇ ಒಂದು ತುಂಡನ್ನು ಉಡುಪಿಯ ಅಂಗಡಿಯ ಯುವಕ ನನ್ನ ಮುಂದಿಟ್ಟು ಬಾಯಿ ತೆರೆದ.

“ಸಾರ್, ಇದರದ್ದು ವಿಶೇಷ ಎಂತ ಅಂದ್ರೆ, ಮಳೆ ಬರುವಾಗ...”

“ಮಳೆ ನಮಗೆ ಹೊಸದಾ ಮಾರಾಯ?” ಎಂದೆ. “ಬೆಂಡು ಅಂದ್ರೆ ಇಲಿಗೆ ಬಾಣಂತಿಕೋಣೆ. ಆಮೇಲೆ ಇಲಿ ಹಿಡಿಲಿಕ್ಕೆ ಬೆಕ್ಕು, ಬೆಕ್ಕಿಗೆ ಹಾಲು, ಹಾಲಿಗೆ ದನ. ನನಗೆ ಮಾಡು ಸಾಕು, ಸಂಸಾರ ಬೇಡ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಗು ಬಂದ ಕಡೆ ನಾನು ಇನ್ನೂ ಸ್ವಲ್ಪ ನಿಲ್ಲುವವನು. ಸುಣ್ಣ ಬೆಲ್ಲದ ಕಥೆಯನ್ನೂ ಹೇಳಿದೆ. ಯುವಕ ತನ್ನ ವಾಕ್ಯ ಮುಗಿಸಲಿಕ್ಕೆ ಮತ್ತೆರಡು ಸಲ ಪ್ರಯತ್ನಿಸಿ, ಕೊನೆಗೆ ಬಿಲ್ಲು ಬರೆಯತೊಡಗಿದ. ಆ ವಾಕ್ಯದ ಉಳಿದರ್ಧವನ್ನು ಆಮೇಲೆ ಮಳೆಯೇ ನನಗೆ ವಿವರಿಸಿತು.

ಮಾಡು ಕೂರಿಸಿದವರು ಕಾಪುವಿನ ಬ್ಯಾರಿ ಒಬ್ಬರು, ಗಲ್ಫಿನಲ್ಲಿ ವೆಲ್ಡಿಂಗ್ ಕಲಿತು ಬಂದವರು. ಇಳಿಜಾರು ಸರಿ ಬಂತು, ಶೀಟಿನ ಮೇಲೆ ಶೀಟು ಸರಿಯಾಗಿ ಹತ್ತಿತು, ಅಂಚಿಗೆ ದಂಬೆ ಕಟ್ಟಿ ನೀರನ್ನು ಬಾವಿಯ ಕಡೆ ತಿರುಗಿಸಿದರು. ಕೆಂಪು ಬಣ್ಣ. ಕೆಳಗೆ ನೆಲಕ್ಕೆ ಟೈಲು. ಮಳೆ ಬರುವ ಮೊದಲೇ ಒಂದು ಕೂಟ ನಡೆಸಿದೆವು. ನನ್ನ ಸ್ವರ ಶೀಟಿಗೆ ಬಡಿದು ಮರಳಿ ನನ್ನ ಕಿವಿಗೇ ಬೀಳುವಾಗ ಅದಕ್ಕೊಂದು ರಾಜಗಾಂಭೀರ್ಯ ಬಂದ ಹಾಗಿತ್ತು. ಅಂದು ಒಂದು ಗಂಟೆಯ ಪ್ರಸಂಗವನ್ನು ನಾನೊಬ್ಬನೇ ಎರಡು ಗಂಟೆಗೆ ಒಯ್ದೆ. ಮಾವ ಮೂಲೆಯ ಕುರ್ಚಿಯಲ್ಲಿ ಕುಳಿತು ಕೇಳಿದರು. ಹೋಗುವಾಗ ನನ್ನ ಹೆಂಡತಿಯ ಹತ್ತಿರ, ತಿಂಗಳುಗಳ ಮೇಲೆ ಮೊದಲ ಸಲ, ಪಿಸುಸ್ವರದಲ್ಲಿ ಹೇಳಿದರಂತೆ: “ಮುಂದಿನ ಸಲ ರಾಜ ನಾನು. ಇವನನ್ನು ಯಾರಾದ್ರೂ ನಿಲ್ಲಿಸ್ಬೇಕಲ್ಲ.”

ನನಗೆ ಸಂತೋಷವೋ ಸಂತೋಷ. ಕಾರ್ಕಳಕ್ಕೆ ಫೋನು ಮಾಡಿ ಮಾವನ ಮಗಳಿಗೆ ಹೇಳಿದೆ, ಕೂಟದವರಿಗೆಲ್ಲ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತರಿಗೂ ಹೇಳಿದೆ. ಹಾಗಾಗಿ ಮುಂದಿನ ಕೂಟಕ್ಕೆ ಜನ ಕೂಡಿತು. ಮಾವ ರಾಜ, ನಾನು ಶತ್ರುವಿನ ಕಡೆಯಿಂದ ಬಂದ ದೂತ. ಮಾವ ಇಸ್ತ್ರಿ ಮಾಡಿದ ಶಾಲು ಹೊದ್ದು, ಗಂಟಲಿಗೆಂದು ದವಡೆಯಲ್ಲಿ ಜ್ಯೇಷ್ಠಮಧು ಒತ್ತಿಕೊಂಡು ಕುಳಿತರು. ಭಾಗವತರು ಪದ ಮುಗಿಸಿದರು. ಮಾವ ಬಾಯಿ ತೆರೆದರು. “ದೂತನೇ...” ಎಂದರು.

ಅಷ್ಟರಲ್ಲಿ ಮಳೆ ಬಂತು.

ಮಳೆ ಬಂತು ಎಂದರೆ ಸಾಲದು. ಶೀಟಿನಡಿ ಕುಳಿತವನಿಗೆ ಮಳೆ ಎಂಬುದು ನೀರಲ್ಲ. ಲಾರಿಯಿಂದ ಜಲ್ಲಿ ಸುರಿದ ಹಾಗೆ. ಪಕ್ಕದವನ ಬಾಯಿ ಆಡುವುದು ಕಾಣುತ್ತದೆ, ಮಾತು ಇಲ್ಲ. ಮದ್ದಲೆಯವರು ಬಾರಿಸುತ್ತಿದ್ದರು, ಕೈ ಮಾತ್ರ ಕಾಣುತ್ತಿತ್ತು. ಮಾವನ ತುಟಿ ಆಡುತ್ತಿತ್ತು. ಎದುರಿಗೇ ಕುಳಿತ ನನಗೂ ಒಂದಕ್ಷರ ಕೇಳಲಿಲ್ಲ. ಆದರೂ ದೂತನಾಗಿ ಉತ್ತರ ಕೊಡಬೇಕಲ್ಲ? ಅವರು ಎಂತ ಹೇಳಿರಬಹುದೆಂದು ಊಹಿಸಿ, ಕುತ್ತಿಗೆಯ ನರ ಉಬ್ಬಿಸಿ, “ಹಾಗೆನ್ನಬೇಡ ಮಹಾರಾಜಾ!” ಎಂದು ಕಿರುಚಿದೆ. ಅದೂ ಯಾರಿಗೂ ಕೇಳಲಿಲ್ಲ. ಮೈಕು ತರಿಸಿದೆವು. ಮೈಕಿಗೆ ಪಕ್ಷಪಾತವಿಲ್ಲ. ಅದು ಮಾವನ ಸ್ವರವನ್ನು ಇಷ್ಟು ದೊಡ್ಡದು ಮಾಡಿತು, ಮಳೆಯ ಸ್ವರವನ್ನು ಅಷ್ಟು ದೊಡ್ಡದು ಮಾಡಿತು.

ಮಾವ ಸ್ವಲ್ಪ ಹೊತ್ತು ತುಟಿ ಆಡಿಸಿದರು. ಆಮೇಲೆ ಶಾಲು ಮಡಚಿ ಚೀಲಕ್ಕೆ ಹಾಕಿದರು. ಬೆರಳನ್ನು ಮೇಲಕ್ಕೆ ತೋರಿಸಿ, ನನಗೆ ಕೈಮುಗಿದರು. ಇಂದಿನ ಅರ್ಥ ಮಳೆರಾಯನದ್ದೇ ಆಗಲಿ ಎಂಬಂತೆ.

ಮರುದಿನ ಕಾರ್ಕಳದಿಂದ ಫೋನು. “ಭಾವ, ಅಪ್ಪ ಪುನಃ ಕೈಸನ್ನೆಗೆ ಬಂದ್ರು. ಈಗ ಅದೂ ಕಡಿಮೆ.”

ಇಷ್ಟಾದ ಮೇಲೆ ಬುದ್ಧಿ ಇದ್ದವರು ಸುಮ್ಮನಿರುತ್ತಾರೆ. ನಾನು ಬ್ಯಾರಿಯವರನ್ನು ಕರೆಸಿದೆ. ಅವರು ಮಳೆಯಲ್ಲೇ ಮೇಲೆ ಹತ್ತಿ, ಶೀಟಿನಡಿ ನಿಂತು, ನನ್ನ ದೂರನ್ನು ಕೇಳಲು ಪ್ರಯತ್ನಿಸಿ, ಆಗದೆ, ನನ್ನ ತೋಳು ಹಿಡಿದು ಮೆಟ್ಟಿಲಿಗೆ ಕರಕೊಂಡು ಬಂದರು.

“ಅಣ್ಣಾ, ಒಂದು ತೊಟ್ಟು ಸೋರಿದ್ರೆ ಹೇಳಿ, ನನ್ನ ಕಿವಿ ಹಿಂಡಿ. ಮಾತಾಡ್ಲಿಕ್ಕೆ ಅಂತ ನೀವು ಹೇಳ್ಳೇ ಇಲ್ಲ. ಬಟ್ಟೆ ಒಣಗಿಸ್ಲಿಕ್ಕೆ ಅಂತ ನಾನು ಗ್ರಹಿಸಿದ್ದು.”

“ಮಾತಾಡ್ಲಿಕ್ಕಲ್ಲದೆ ಮತ್ತೆಂತಕ್ಕೆ ನಾನು ಮಾಡು ಹಾಕಿಸುವುದು?”

“ಅದೂ ಹೌದು,” ಎಂದು ಅವರು ನನ್ನನ್ನು ಒಮ್ಮೆ ಆಪಾದಮಸ್ತಕ ನೋಡಿದರು. “ನನಗೆ ಗೊತ್ತಾಗ್ಬೇಕಿತ್ತು. ಕೆಲಸ ನಡೆದಷ್ಟು ದಿನವೂ ಕೇಳಿದ್ದೇನಲ್ಲ.”

ಶೀಟಿನ ಮೇಲೆ ಮೆತ್ತನೆಯದು ಏನಾದರೂ ಹೊದಿಸಿದರೆ ಸದ್ದು ಅಡಗೀತು ಎಂದು ನನ್ನ ತಲೆಗೆ ಹೋಯಿತು. ತೆಂಗಿನ ಮಡಲು ಹೆಣೆಸಿದೆ. ಹಿಂದೆ ಬಡವರ ಗುಡಿಸಲಿಗೆ ಹೊದಿಸುತ್ತಿದ್ದುದನ್ನು ಕೆಂಪು ಬಣ್ಣದ ಶೀಟಿನ ಮೇಲೆ ಹಗ್ಗ ಹಾಕಿ ಬಿಗಿಸಿದೆ. ಪಕ್ಕದ ಮನೆಯ ಅಕ್ಕ ಬೇಲಿಯ ಆಚೆಯಿಂದ ಸೊಂಟಕ್ಕೆ ಕೈಕೊಟ್ಟು ನೋಡಿದರು.

“ಹೆಂಚು ಬೇಡ ಅಂತ ಕಾಂಕ್ರೀಟು. ಕಾಂಕ್ರೀಟು ಸೋರ್ತದೆ ಅಂತ ಶೀಟು. ಶೀಟು ಬೊಬ್ಬೆ ಹಾಕ್ತದೆ ಅಂತ ಮಡಲು. ಇನ್ನು ಮುಂದಿನ ವರ್ಷ ಗುಹೆಗೆ ಹೋಗ್ತೀರಾ ಎಂತ?”

ಗುಹೆಯವರೆಗೆ ಹೋಗಬೇಕಾಗಲಿಲ್ಲ. ಆ ವಾರದ ಗಾಳಿಗೆ ಅರ್ಧ ಮಡಲು ಅವರ ಬಸಳೆ ಚಪ್ಪರದ ಮೇಲೆ ಹೋಗಿ ಕುಳಿತಿತು. ಉಳಿದರ್ಧ ದಂಬೆಯಲ್ಲಿ ಸಿಕ್ಕಿಹಾಕಿಕೊಂಡು ನೀರು ಕಟ್ಟಿತು. ಅದನ್ನು ಬಿಡಿಸಲು ಏಣಿ ಹತ್ತಿದ ನಾನು ಕೊಡೆ ಹಿಡಿದುಕೊಂಡೇ ಹತ್ತಿದ್ದೆ ಎಂಬುದನ್ನು ಅಕ್ಕ ಈಗಲೂ ಮದುವೆ ಮನೆಗಳಲ್ಲಿ ಹೇಳುತ್ತಾರೆ.

ಆ ಶನಿವಾರ ಮಾವನನ್ನು ಆಸ್ಪತ್ರೆಗೆ ತೋರಿಸುವುದಿತ್ತು. ಕಾರ್ಕಳದ ಬಸ್ಸಿನಿಂದ ಇಳಿಸಿಕೊಂಡು ನಾನೇ ಕರೆದೊಯ್ದೆ. ಡಾಕ್ಟರಮ್ಮ ಗಂಟಲಿಗೆ ದೀಪ ಹಾಕಿ ನೋಡಿ, “ಗಾಯ ಪೂರ್ತಿ ಒಣಗಿದೆ. ಮಾತಾಡ್ತಾ ಇದ್ದೀರಲ್ಲ?” ಎಂದು ಕೇಳಿದರು. ಮಾವ ಕೈ ಅಲ್ಲಾಡಿಸಿದರು.

“ಅಜ್ಜ, ಕೈ ನನಗೆ ಬೇಡ. ಸ್ವರ ಕೇಳ್ಬೇಕು. ಹೀಗೇ ಬಿಟ್ರೆ ಆಮೇಲೆ ಬೇಕೆಂದಾಗ ಬರುವುದಿಲ್ಲ. ಮನೆಯಲ್ಲಿ ಮಾತಾಡುವವರು ಯಾರೂ ಇಲ್ವಾ?”

ಮಾವ ನನ್ನ ಕಡೆ ಬೆರಳು ತೋರಿಸಿ, ಆ ಬೆರಳನ್ನೇ ಗಿರಗಿರ ತಿರುಗಿಸಿದರು. ಡಾಕ್ಟರಮ್ಮನಿಗೆ ಆ ಸನ್ನೆ ತಕ್ಷಣ ಅರ್ಥವಾಯಿತು. ಯಾಕೆಂದರೆ ಅಷ್ಟರೊಳಗೆ ನಾನು ಅವರಿಗೆ ಶೀಟಿನ ಕಥೆ ಪೂರ್ತಿ ಹೇಳಿಯಾಗಿತ್ತು.

ಆ ರಾತ್ರಿ ಮಾವ ನಮ್ಮಲ್ಲೇ ಉಳಿದರು. ಮರುದಿನ ಭಾನುವಾರ, ಕೂಟದ ದಿನ. ಮಧ್ಯಾಹ್ನ ಊಟವಾದ ಮೇಲೆ ಜನ ಬರತೊಡಗಿದರು, ಮೋಡವೂ ಬರತೊಡಗಿತು. “ಮಾವ, ಮೇಲೆ ಬನ್ನಿ, ಸುಮ್ಮನೆ ಕುಳಿತರೂ ಸಾಕು,” ಎಂದು ಬೇಡಿದೆ. ಮಾವ ಎರಡೂ ಕಿವಿ ಮುಚ್ಚಿಕೊಂಡು ಒಳಕೋಣೆಯ ಮಂಚದ ಮೇಲೆ ಕುಳಿತುಬಿಟ್ಟರು. ಅಲ್ಲಿ ನನ್ನ ಹೆಂಡತಿ ನೆಲಕ್ಕೆ ಕುಳಿತು, ಪಲ್ಯಕ್ಕೆಂದು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು.

ನಾನು ಮೇಲೆ ಹೋದೆ. ರಾಜನ ಪಾತ್ರಕ್ಕೆ ನಮ್ಮ ಕೂಟದ ನಿವೃತ್ತ ಪೋಸ್ಟ್‌ಮಾಸ್ಟರನ್ನು ಕೂರಿಸಿದೆ. ಭಾಗವತರು ಪದ ಎತ್ತಿದರು, ಮಳೆಯೂ ಎತ್ತಿತು. ಇವತ್ತು ಸೋಲುವುದಿಲ್ಲ ಎಂದು ನಾನು ಎದ್ದು ನಿಂತೆ. ಕೂಗಿದೆ. ಕೈ ಬೀಸಿದೆ. ಪೋಸ್ಟ್‌ಮಾಸ್ಟರು ಕಿವಿಗೆ ಕೈ ಹಿಡಿದು ಬಾಗಿ, ತಲೆ ಆಡಿಸಿ, “ಒಂದ್ನಿಮಿಷ” ಎಂಬಂತೆ ಕಿರುಬೆರಳು ತೋರಿಸಿ ಕೆಳಗೆ ಹೋದರು. ವಯಸ್ಸಾದವರು, ಪಾಪ. ಅವರು ಬರುವವರೆಗೆ ದೂತನೇ ರಾಜನ ಮಾತನ್ನೂ ಆಡಿದ. ಎದುರಿಗಿದ್ದ ಇನ್ನಿಬ್ಬರು ಎದ್ದು ಹೋದರು. ಚಹಾಕ್ಕಿರಬೇಕು ಎಂದುಕೊಂಡೆ. ಮತ್ತೆ ಕೆಲವರು. ನಾನು ಕಣ್ಣು ಮುಚ್ಚಿಕೊಂಡು ಒಂದು ದೀರ್ಘವಾದ ಉಪಮೆಯನ್ನು ಏರುತ್ತಿದ್ದೆ. ಅದರ ತುದಿ ಮುಟ್ಟಿ ಕಣ್ಣು ತೆರೆದರೆ ಚಾಪೆ ಖಾಲಿ. ಭಾಗವತರು ಮೆಟ್ಟಿಲಿನಲ್ಲಿ ಇಳಿಯುತ್ತಿದ್ದರು. ಮದ್ದಲೆಯವರೊಬ್ಬರೇ ಉಳಿದಿದ್ದರು. ಅವರು ಗೋಡೆಗೊರಗಿ ನಿದ್ದೆ ಮಾಡುತ್ತಿದ್ದರು. ಆ ಸದ್ದಿನಲ್ಲಿ ನಿದ್ದೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಬೇಸರದಿಂದ ಕೆಳಗಿಳಿದೆ. ಒಂದೊಂದು ಮೆಟ್ಟಿಲಿಗೂ ಮಳೆ ಸಣ್ಣದಾಗುತ್ತ ಬಂತು. ಕೆಳಗೆ ಬಂದಾಗ ಅದು ಎಲ್ಲೋ ದೂರದ ಹೊಳೆಯ ಸದ್ದಿನಷ್ಟು. ಮೇಲೆ ಶೀಟು, ಅದರ ಕೆಳಗೆ ಗಾಳಿ, ಅದರ ಕೆಳಗೆ ಕಾಂಕ್ರೀಟು. ನನ್ನ ಮನೆಯಲ್ಲಿ ಇಂಥ ಮೌನವೊಂದಿದೆ ಎಂಬುದನ್ನು ನಾನು ಅಂದೇ ಕಂಡುಕೊಂಡದ್ದು. ಆ ಮೌನದೊಳಗಿಂದ ಒಂದು ಸ್ವರ ಕೇಳಿತು. ಚಿಕ್ಕದು. ಆದರೆ ಪ್ರತಿ ಅಕ್ಷರವೂ ತೊಳೆದಿಟ್ಟ ಹಾಗೆ.

“ಸಂಧಿ ಎಂದೆಯಾ ದೂತನೇ? ನಿನ್ನ ಒಡೆಯ ಕೈ ಚಾಚಿದ್ದಾನೋ, ಕೈಯಲ್ಲಿ ಅಳತೆಗೋಲು ಹಿಡಿದಿದ್ದಾನೋ, ಮೊದಲು ಅದನ್ನು ಹೇಳು.”

“ಅಳತೆಗೋಲೇ ಮಹಾರಾಜಾ,” ಎಂದು ನನ್ನ ಹೆಂಡತಿಯ ಸ್ವರ. “ನಿಮ್ಮ ಅಹಂಕಾರಕ್ಕೆ ಎಷ್ಟು ಉದ್ದದ ಮಾಡು ಬೇಕಾದೀತು ಎಂದು ನೋಡಿ ಬರಲಿಕ್ಕೆ ಹೇಳಿದ್ದಾರೆ.”

ಒಳಗೆ ನಗು. ಬಾಗಿಲ ಹತ್ತಿರ ಹೋಗಿ ನಿಂತೆ. ಮಂಚದ ಮೇಲೆ ಮಾವ, ಅವರ ಎಡಬಲದಲ್ಲಿ ಮೂವರು, ಅಕ್ಕಿ ಡಬ್ಬದ ಮೇಲೆ ಪೋಸ್ಟ್‌ಮಾಸ್ಟರು, ಕಪಾಟಿಗೆ ಒರಗಿ ಭಾಗವತರು, ನೆಲ ತುಂಬ ಜನ. ಎಲ್ಲರ ಕೈಯಲ್ಲೂ ಹಲಸಿನ ಬೀಜ. ಕೇಳುತ್ತ ಕೇಳುತ್ತ ಸಿಪ್ಪೆ ತೆಗೆಯುತ್ತಿದ್ದರು. ನಡುವೆ ನನ್ನ ಹೆಂಡತಿ ದೂತ. ನಾನು ಇಷ್ಟು ವರ್ಷ ಸ್ನಾನದ ಕೋಣೆಯಲ್ಲಿ ಮಾಡಿದ ಅಭ್ಯಾಸವನ್ನೆಲ್ಲ ಅವಳು ಅಡುಗೆಮನೆಯಿಂದ ಕೇಳಿದ್ದಳಂತೆ. ಬೇಡದ್ದನ್ನು ಬಿಟ್ಟು ಬೇಕಾದಷ್ಟನ್ನು ಇಟ್ಟುಕೊಂಡಿದ್ದಳು. ಹಾಗಾಗಿ ಅವಳ ಅರ್ಥ ಚುಟುಕು.

ಶುರುವಾದದ್ದು ಹೀಗಂತೆ: ಮಾವ ಸುಮ್ಮನೆ ಕುಳಿತಿದ್ದಾಗ ಅವಳು ಬೀಜ ಸುಲಿಯುತ್ತ, “ನಿಮ್ಮ ಅಳಿಯ ಮೇಲೆ ದೂತ ಆಗಿ ಕಿರುಚ್ತಿದ್ದಾರೆ. ರಾಜನಾಗಿದ್ರೆ ನೀವು ಎಂತ ಉತ್ತರ ಕೊಡ್ತಿದ್ರಿ?” ಎಂದು ಕೇಳಿದಳು. ಮಾವ ಕೈ ಎತ್ತಿದರು. “ಕೈ ನನಗೆ ತಿಳಿಯುದಿಲ್ಲಪ್ಪ, ಈಚೆ ಕತ್ತಿ ಹಿಡಿದು ಬೀಜ ನೋಡ್ತಾ ಇದ್ದೇನೆ,” ಎಂದಳು. ಮಾವನಿಗೆ ಬೇರೆ ದಾರಿ ಇರಲಿಲ್ಲ.

ಈಗ ಮಾವ ಬಾಗಿಲ ಕಡೆ ನೋಡಿದರು. ಪಾತ್ರ ಬಿಡಲಿಲ್ಲ.

“ಬಾಗಿಲಲ್ಲಿ ನಿಂತವನು ಯಾರು? ಇನ್ನೊಬ್ಬ ದೂತನೋ? ಬರಲಿ. ಆದರೆ ಈ ಸಭೆಯ ನಿಯಮ ತಿಳಿಸಿ ಒಳಗೆ ಬಿಡಿ. ಇಲ್ಲಿ ದೂತನ ಸ್ವರ ರಾಜನ ಸ್ವರಕ್ಕಿಂತ ಮೇಲೆ ಹೋಗಬಾರದು. ಹೋದರೆ ಮೇಲೆಯೇ ಕಳಿಸಲಾಗುವುದು.”

ಕೂರಲು ಜಾಗವೇ ಇರಲಿಲ್ಲ. ಹೆಂಡತಿ ಕಣ್ಣಿನಲ್ಲೇ ಮೂಲೆ ತೋರಿಸಿದಳು. ಅಲ್ಲಿ ನೀಲಿ ಬಕೆಟ್ ಇತ್ತು, ಒಣಗಿಕೊಂಡು, ಈ ವರ್ಷ ಕೆಲಸವಿಲ್ಲದೆ. ಅದನ್ನು ಬೋರಲು ಹಾಕಿ ಕುಳಿತೆ. ಯಾರೋ ಕೈಗೆ ನಾಲ್ಕು ಹಲಸಿನ ಬೀಜ ಹಾಕಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಜೀವಮಾನದಲ್ಲಿ ಮಾಡದ ಕೆಲಸವೊಂದನ್ನು ಮಾಡಿದೆ: ಸ್ವರವನ್ನು ಮಡಚಿ ಮಡಚಿ ಸಣ್ಣದು ಮಾಡಿ, “ಮಹಾರಾಜಾ...” ಎಂದೆ.

“ಎಂತ?” ಎಂದರು ಪೋಸ್ಟ್‌ಮಾಸ್ಟರು. “ಕೇಳ್ಳಿಲ್ಲ. ಸ್ವಲ್ಪ ಗಟ್ಟಿ ಹೇಳಿ ಮಾರಾಯ್ರೆ.”

ಮಾವ ನಕ್ಕರು. ಕೈಯಲ್ಲಲ್ಲ, ಗಂಟಲಲ್ಲಿ. ಆ ನಗು ಕೋಣೆಯ ನಾಲ್ಕೂ ಮೂಲೆಗೆ ಹೋಗಿ ಸರಿಯಾಗಿ ಮುಟ್ಟಿತು.